ಹಡಗಿನಿಂದಿಳಿದು ಒಂದು ದಿನ ರೋಮ್: ಸ್ವಂತ ಗಾಡಿ ಮಾಡಿಕೊಂಡು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟ ನೆಂಟರು, ಆಫೀಸಿನವರು, ಅವರ ಪರಿಚಯದವರು ನನಗೆ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ನಾವು ಹೋದದ್ದು ಏಳು ಜನ: ಅಪ್ಪ, ಅಮ್ಮ, ಅತ್ತೆ, ನಾವಿಬ್ಬರು, ಮಕ್ಕಳಿಬ್ಬರು. ಹಡಗು ಇಟಲಿಯ ಚಿವಿತವೆಕ್ಕಿಯಾಕ್ಕೆ ಬಂದ ದಿನ ವ್ಯಾನ್ ಮಾಡಿಕೊಂಡು ರೋಮ್ ನೋಡಿ ಬಂದೆವು. ಉತ್ತರಗಳೆಲ್ಲ ಆ ಒಂದು ಊರನ್ನಿಟ್ಟುಕೊಂಡೇ ಬರೆದದ್ದು. ಬೇರೆ ಬಂದರುಗಳ ಮಾತು ಬೇಕಾದಲ್ಲಿ ಮಾತ್ರ ಬರುತ್ತದೆ.

ಟಿಕೆಟ್‌ನಲ್ಲಿ ‘ರೋಮ್’ ಅಂತಲೇ ಬರೆದಿದೆ. ಇಳಿದು ನಡೆದುಕೊಂಡೇ ಊರು ನೋಡೋಕಾಗಲ್ವಾ?

ಆಗುವುದಿಲ್ಲ. ರೋಮ್ ಸಮುದ್ರದಿಂದ ಒಳಗಿದೆ. ಹಡಗು ನಿಲ್ಲುವುದು ಚಿವಿತವೆಕ್ಕಿಯಾದಲ್ಲಿ. ಚಕ್ರವರ್ತಿ ತ್ರಾಜನ್ ಎರಡನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಬಂದರು ಅದು. ಅಲ್ಲಿಂದ ರೋಮ್‌ಗೆ 70ರಿಂದ 80 ಕಿಲೋಮೀಟರ್. ಎ12 ಹೆದ್ದಾರಿ ಖಾಲಿಯಿದ್ದರೆ ಒಂದು ಗಂಟೆ ಚಿಲ್ಲರೆ, ಬೆಳಗಿನ ಟ್ರಾಫಿಕ್ಕಿಗೆ ಸಿಕ್ಕಿಕೊಂಡರೆ ಒಂದೂವರೆ ಗಂಟೆ.

ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುತ್ತದೆ ಅಂದಾಗ ಹನ್ನೆರಡು ಗಂಟೆ ಕೈಯಲ್ಲಿದೆ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಇಳಿಯಲು ಮುಕ್ಕಾಲು ಗಂಟೆ, ಹೋಗಿಬರಲು ಮೂರು ಗಂಟೆ, ಹೊರಡುವ ಎರಡು ಗಂಟೆ ಮೊದಲೇ ಬಂದರಿಗೆ ವಾಪಸ್. ಊರಿನಲ್ಲಿ ಉಳಿಯುವುದು ಆರು ಗಂಟೆ, ಊಟವೂ ಅದರಲ್ಲೇ ಬಂತು. ಮುಂದಿನದ್ದನ್ನೆಲ್ಲ ಈ ಆರು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಹಡಗಿನವರದ್ದೇ ಟೂರ್ ಇರುತ್ತಲ್ಲ, ಅದನ್ನು ಬಿಟ್ಟು ಬೇರೆ ಯಾಕೆ?

ಹಡಗಿನ ಟೂರ್‌ನಲ್ಲಿ ಒಂದು ದೊಡ್ಡ ಲಾಭವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ: ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಿಮ್ಮ ಸ್ವಂತ ಗಾಡಿ ತಡವಾದರೆ ಕಾಯುವುದಿಲ್ಲ. ಈ ಒಂದು ವಿಷಯಕ್ಕೇ ನಿದ್ದೆ ಬರುವುದಿಲ್ಲ ಅನ್ನುವವರು ಹಡಗಿನ ಬಸ್ಸಿನಲ್ಲೇ ಹೋಗಲಿ. ಅದರಲ್ಲಿ ಏನೂ ತಪ್ಪಿಲ್ಲ.

ಆದರೆ ಆ ಬಸ್ಸಿನಲ್ಲಿ ನಲವತ್ತೋ ಐವತ್ತೋ ಜನ. ಗೈಡ್ ಕೋಲು ಎತ್ತಿ ಹಿಡಿದು ಮುಂದೆ ಹೋಗುತ್ತಿರುತ್ತಾರೆ, ಎಲ್ಲರೂ ಅವರ ವೇಗಕ್ಕೆ ನಡೆಯಬೇಕು. ನಮ್ಮ ಅಪ್ಪನಿಗೆ ಎಪ್ಪತ್ನಾಲ್ಕು, ಎಡ ಮೊಣಕಾಲು ನೋವು. ರೋಮ್‌ನ ಪುರಾತನ ಗುಡಿ ಪ್ಯಾಂಥಿಯಾನ್ ಒಳಗೆ ಹೋದವರು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು, ಗುಮ್ಮಟದ ನಡುವಿನ ತೂತಿನಿಂದ ಬಿದ್ದ ಬಿಸಿಲಿನ ಬಿಲ್ಲೆ ಗೋಡೆಯ ಮೇಲೆ ಜರುಗುವುದನ್ನು ಇಪ್ಪತ್ತು ನಿಮಿಷ ನೋಡುತ್ತಿದ್ದರು. ಮಕ್ಕಳನ್ನು ಕರೆದು, ಮೊದಲು ಎಲ್ಲಿತ್ತು, ಈಗ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸಿದರು. ಬಸ್ಸಿನ ಟೂರ್‌ನಲ್ಲಿ ಆ ಇಪ್ಪತ್ತು ನಿಮಿಷ ನಮಗೆ ಸಿಗುತ್ತಿರಲಿಲ್ಲ. ಸ್ವಂತ ಗಾಡಿಗೆ ನಾನು ಓಟು ಹಾಕುವುದು ಈ ಕಾರಣಕ್ಕೆ.

ಖರ್ಚು ತುಂಬಾ ಆಗುತ್ತಾ?

ಇಬ್ಬರೇ ಆದರೆ ಹೌದು, ದುಬಾರಿ. ಗಾಡಿಯ ಬಾಡಿಗೆ ತಲೆ ಲೆಕ್ಕದ್ದಲ್ಲ, ದಿನದ ಲೆಕ್ಕದ್ದು. ಚಾಲಕನನ್ನು ಬಿಟ್ಟು ಎಂಟು ಜನ ಕೂರುವ ವ್ಯಾನಿಗೆ 600 ಯೂರೋ ಹೇಳಿದರು ಅಂತಿಟ್ಟುಕೊಳ್ಳಿ: ಎಂಟು ಜನರಿದ್ದರೆ ತಲೆಗೆ 75, ಇಬ್ಬರೇ ಇದ್ದರೆ ತಲೆಗೆ 300. ಹಡಗಿನ ಟೂರ್ ತಲೆ ಲೆಕ್ಕದ್ದು. ಐದು ಜನ ದಾಟಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರೇ ಇರುವವರು ಹಡಗಿನಲ್ಲಿ ಪರಿಚಯವಾದ ಇನ್ನೊಂದು ಕುಟುಂಬದ ಜೊತೆ ಸೇರಿಕೊಳ್ಳಬಹುದು. ಆದರೆ ಅವರಿಗೂ ನಿಮಗೂ ನೋಡುವ ಜಾಗ, ನಡೆಯುವ ವೇಗ ಎರಡೂ ಹೊಂದಬೇಕು. ಇದನ್ನು ಹಿಂದಿನ ರಾತ್ರಿಯೇ ಕೂತು ಮಾತಾಡಿಕೊಳ್ಳಿ.

ದರ ಕೇಳುವಾಗ ಟೋಲ್, ಪಾರ್ಕಿಂಗ್, ಊರೊಳಗೆ ಹೋಗುವ ಪರವಾನಗಿ ಶುಲ್ಕ ಎಲ್ಲ ಸೇರಿದೆಯೇ ಅಂತ ಕೇಳಿ. ಪ್ರವೇಶ ಟಿಕೆಟ್‌ಗಳು ಸಾಮಾನ್ಯವಾಗಿ ಬೇರೆ.

ರೈಲು ಇದೆಯಂತೆ, ಅದು ಅಗ್ಗ ಅಲ್ವಾ?

ಬಹಳ ಅಗ್ಗ. ಗಂಟಿಮೂಟೆ ಇಲ್ಲದ, ಕಾಲು ಗಟ್ಟಿಯಿರುವ ಇಬ್ಬರಿಗೆ ನಾನು ರೈಲನ್ನೇ ಹೇಳುತ್ತೇನೆ. ಬಂದರಿನೊಳಗಿನ ಉಚಿತ ಬಸ್ಸಿನಲ್ಲಿ ಲಾರ್ಗೊ ದೆಲ್ಲಾ ಪಾಚೆ ಅನ್ನುವ ನಿಲ್ದಾಣಕ್ಕೆ ಬಂದು, ಅಲ್ಲಿಂದ ಊರ ಬಸ್ಸು ಹಿಡಿದು ರೈಲ್ವೆ ಸ್ಟೇಷನ್ ಸೇರಬೇಕು. ಲೋಕಲ್ ರೈಲು ದಾರಿಯಲ್ಲಿ ರೋಮಾ ಸಾನ್ ಪಿಯೆತ್ರೊದಲ್ಲಿ ನಿಲ್ಲುತ್ತದೆ. ವ್ಯಾಟಿಕನ್‌ಗೆ ಹೋಗುವವರು ಅಲ್ಲೇ ಇಳಿದು ನಡೆಯಬಹುದು. ಕೊನೆಯ ನಿಲ್ದಾಣ ತೆರ್ಮಿನಿಗೆ ಒಂದೂಕಾಲು ಗಂಟೆಯ ಆಸುಪಾಸು. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ. ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಇರುತ್ತದೆ. ಅವರ ಭಾಷೆಯಲ್ಲಿ ‘ಶೋಪೆರೊ’. ನಿಮ್ಮ ದಿನಾಂಕಕ್ಕೆ ಆ ಪದ ಸುದ್ದಿಯಲ್ಲಿ ಕಂಡರೆ ರೈಲಿನ ಆಸೆ ಬಿಡಿ.

ಎಲ್ಲ ಬಂದರಿನಲ್ಲೂ ಗಾಡಿ ಮಾಡಬೇಕಾ?

ಬೇಡ. ಬಾರ್ಸಿಲೋನಾದಲ್ಲಿ ಊರು ಬಂದರಿಗೆ ಅಂಟಿಕೊಂಡೇ ಇದೆ. ನೇಪಲ್ಸ್‌ನಲ್ಲೂ ಹಡಗು ಊರ ನಡುವೆಯೇ ನಿಲ್ಲುತ್ತದೆ, ಪೊಂಪೇಯಿಗೆ ಲೋಕಲ್ ರೈಲಿದೆ. ಲಿವೊರ್ನೊದಲ್ಲಿ ಮಾತ್ರ ಗಾಡಿ ಮಾಡಿ, ಯಾಕೆಂದರೆ ಫ್ಲಾರೆನ್ಸ್ ಅಲ್ಲಿಂದ ಸುಮಾರು 90 ಕಿಲೋಮೀಟರ್, ಪೀಸಾ ದಾರಿಯಲ್ಲೇ ಸಿಗುತ್ತದೆ.

ಸ್ಯಾಂಟೊರಿನಿಯಂಥ ಕಡೆ ಹಡಗು ದಡಕ್ಕೆ ಬರುವುದೇ ಇಲ್ಲ, ಚಿಕ್ಕ ದೋಣಿಯಲ್ಲಿ ಇಳಿಸುತ್ತಾರೆ. ಇದಕ್ಕೆ ಟೆಂಡರ್ ಅನ್ನುತ್ತಾರೆ. ಅಲ್ಲಿ ಹಡಗಿನ ಟೂರ್ ತೆಗೆದುಕೊಂಡವರನ್ನು ಮೊದಲು ಇಳಿಸುತ್ತಾರೆ, ಮಿಕ್ಕವರು ಕಾಯಬೇಕು. ಹಾಗಾಗಿ ಟೆಂಡರ್ ಬಂದರಿನಲ್ಲಿ ಬೆಳಿಗ್ಗೆ ಬೇಗನೆ ಗಾಡಿ ಹೇಳಬೇಡಿ.

ಗಾಡಿ ಬುಕ್ ಮಾಡುವಾಗ ಏನೇನು ಕೇಳಬೇಕು?

ಮೊದಲು, ಚಾಲಕನಿಗೆ ‘ಎನ್‌ಸಿಸಿ’ ಪರವಾನಗಿ ಇದೆಯೇ ಅಂತ. ಚಾಲಕನ ಸಮೇತ ಬಾಡಿಗೆಗೆ ಕೊಡುವ ಗಾಡಿಗೆ ಇಟಲಿಯಲ್ಲಿರುವ ಪರವಾನಗಿ ಅದು. ರೋಮ್‌ನ ಹಳೇ ಪೇಟೆಯ ಬಹುಭಾಗ ‘ಜೆಡ್‌ಟಿಎಲ್’, ಅಂದರೆ ಪರವಾನಗಿ ಇಲ್ಲದ ಗಾಡಿಗೆ ನಿರ್ಬಂಧವಿರುವ ಪ್ರದೇಶ. ಪರವಾನಗಿ ಇರುವ ಗಾಡಿ ನಿಮ್ಮನ್ನು ಟ್ರೆವಿ ಕಾರಂಜಿಯ ಹತ್ತಿರದ ತಿರುವಿನವರೆಗೂ ಬಿಡುತ್ತದೆ. ವಯಸ್ಸಾದವರಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ಎರಡನೆಯದು, ಚಾಲಕ ಬೇರೆ, ಗೈಡ್ ಬೇರೆ. ಬಹಳ ಜನ ಇಲ್ಲಿ ಎಡವುತ್ತಾರೆ. ಚಾಲಕ ಗಾಡಿಯಲ್ಲಿ ಕೂತಲ್ಲೇ ಇದು ಅದು ಅಂತ ಹೇಳಬಹುದು, ಆದರೆ ಕೊಲೊಸಿಯಂ ಒಳಗೆ ಬಂದು ವಿವರಿಸುವ ಹಕ್ಕು ಲೈಸೆನ್ಸ್ ಇರುವ ಗೈಡ್‌ಗೆ ಮಾತ್ರ. ಒಳಗೂ ಯಾರಾದರೂ ಬೇಕು ಅಂದರೆ ಗೈಡನ್ನು ಬೇರೆಯಾಗಿ ಗೊತ್ತು ಮಾಡಬೇಕು.

ಮೂರನೆಯದು, ಗಾಳಿ-ಮಳೆ ಜೋರಾಗಿ ಹಡಗು ಆ ಬಂದರಿಗೆ ಬರದೇ ಹೋದರೆ ಹಣ ವಾಪಸ್ ಕೊಡುತ್ತೀರಾ ಅಂತ. ‘ಹೌದು’ ಅನ್ನುವ ಉತ್ತರ ಫೋನಿನಲ್ಲಿ ಸಾಲದು, ಬರಹದಲ್ಲಿ ಇರಲಿ. ಇದಕ್ಕೆ ಒಪ್ಪದವರಿಗೆ ಮುಂಗಡ ಕೊಡಬೇಡಿ. ಚಾಲಕ ಸಿಗುವುದು ಹಡಗಿನ ಬುಡದಲ್ಲೋ ಲಾರ್ಗೊ ದೆಲ್ಲಾ ಪಾಚೆಯಲ್ಲೋ ಅನ್ನುವುದನ್ನೂ ಅದೇ ಸಂದೇಶದಲ್ಲಿ ಬರೆಸಿಕೊಳ್ಳಿ.

ನಿಜವಾಗಿಯೂ ಬಿಟ್ಟು ಹೋಗ್ತಾರಾ?

ಹೋಗುತ್ತಾರೆ. ನನ್ನ ಭಾವ ಪಣಂಬೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾರೆ, ಮಂಗಳೂರಿಗೆ ಬರುವ ಕ್ರೂಸ್ ಹಡಗಿನವರನ್ನು ಎಷ್ಟೋ ವರ್ಷದಿಂದ ಊರು ತೋರಿಸಿ ತರುತ್ತಿದ್ದಾರೆ. ಪ್ರವಾಸಿಗರು ಗಾಡಿ ಹತ್ತಿದ ಕೂಡಲೇ ಅವರು ಕೇಳುವುದು ಒಂದೇ: ಹಡಗಿನವರು ಕೊಟ್ಟ ಆ ದಿನದ ಹಾಳೆ ತೋರಿಸಿ. ಅದರಲ್ಲಿರುವ ‘ಆಲ್ ಅಬೋರ್ಡ್’ ಸಮಯವನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಸ್ಟಿಯರಿಂಗ್ ಪಕ್ಕಕ್ಕೆ ಅಂಟಿಸಿಕೊಳ್ಳುತ್ತಾರೆ. “ಅವರು ಹಡಗು ಹೊರಡುವ ಸಮಯ ಹೇಳ್ತಾರೆ ಮಾರಾಯ್ತಿ, ನಮಗೆ ಬೇಕಾದ್ದು ಹತ್ತುವ ಸಮಯ” ಅನ್ನುತ್ತಾರೆ. ಎರಡಕ್ಕೂ ಅರ್ಧ ಗಂಟೆಯಿಂದ ಒಂದು ಗಂಟೆ ವ್ಯತ್ಯಾಸ ಇರುತ್ತದೆ. ನಾನು ರೋಮ್‌ನಲ್ಲಿ ಮಾಡಿದ್ದೂ ಅದನ್ನೇ, ಹಾಳೆಯ ಫೋಟೋ ತೆಗೆದು ಚಾಲಕನ ವಾಟ್ಸಾಪ್‌ಗೆ ಕಳಿಸಿದೆ.

ಇನ್ನೊಂದು, ಹಡಗಿನ ಗಡಿಯಾರ. ಗ್ರೀಸ್, ಟರ್ಕಿ ಕಡೆ ಹೋಗುವ ಹಡಗುಗಳಲ್ಲಿ ನಡುವೆ ಸಮಯ ಬದಲಾಗುತ್ತದೆ, ಹಡಗಿನ ಸಮಯವೂ ದಡದ ಸಮಯವೂ ಬೇರೆ ಇರಬಹುದು. ಫೋನು ದಡದ ಸಿಗ್ನಲ್ ಹಿಡಿದು ತಾನಾಗಿ ಬದಲಾಗಿಬಿಡುತ್ತದೆ. ಕೈಗಡಿಯಾರ ಕಟ್ಟಿ, ಅದರಲ್ಲಿ ಹಡಗಿನ ಸಮಯ ಇಟ್ಟುಕೊಳ್ಳಿ.

ನಾವು ವಾಪಸ್ ಬರುವಾಗ ಹೆದ್ದಾರಿಯಲ್ಲಿ ಮುಂದೆಲ್ಲೋ ಅಪಘಾತವಾಗಿ ಗಾಡಿಗಳು ಸಾಲುಗಟ್ಟಿ ನಿಂತುಬಿಟ್ಟವು. ಐವತ್ತು ನಿಮಿಷ ಅಲುಗಾಡಲಿಲ್ಲ. ಎರಡು ಗಂಟೆ ಮೊದಲೇ ಬಂದರು ಮುಟ್ಟುವ ಲೆಕ್ಕ ಹಾಕಿಕೊಂಡಿದ್ದರಿಂದ ಬಚಾವಾದೆವು. ಅವತ್ತು ಹಿಂದಿನ ಸೀಟಿನಲ್ಲಿ ಅತ್ತೆ ಸದ್ದಿಲ್ಲದೆ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದುದು ನನಗೆ ಇನ್ನೂ ಕಿವಿಯಲ್ಲಿದೆ. ಆ ಎರಡು ಗಂಟೆಯಲ್ಲಿ ಹತ್ತು ನಿಮಿಷವನ್ನೂ ಐಸ್‌ಕ್ರೀಮಿಗೆ, ಶಾಪಿಂಗ್‌ಗೆ ಕೊಡಬೇಡಿ.

ಅಷ್ಟಾಗಿಯೂ ತಪ್ಪಿಹೋದರೆ, ಹಡಗಿನ ಹಾಳೆಯಲ್ಲಿ ಪೋರ್ಟ್ ಏಜೆಂಟ್‌ನ, ಅಂದರೆ ಆ ಬಂದರಿನಲ್ಲಿ ಹಡಗಿನವರ ಕೆಲಸ ನೋಡಿಕೊಳ್ಳುವವರ ನಂಬರ್ ಇರುತ್ತದೆ. ಮೊದಲ ಫೋನ್ ಅವರಿಗೆ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಹಡಗು ಹತ್ತಬೇಕು.

ಒಂದು ದಿನದಲ್ಲಿ ಏನೇನು ನೋಡಬಹುದು?

ಒಳಗೆ ಹೋಗಿ ನೋಡುವ ದೊಡ್ಡ ಜಾಗ ಒಂದೇ ಇಟ್ಟುಕೊಳ್ಳಿ: ಕೊಲೊಸಿಯಂ ಅಥವಾ ವ್ಯಾಟಿಕನ್ ಮ್ಯೂಸಿಯಂ. ನಾವು ಎರಡನ್ನೂ ಇಟ್ಟುಕೊಂಡೆವು, ಅದು ನಮ್ಮ ತಪ್ಪು. ವ್ಯಾಟಿಕನ್ ಮ್ಯೂಸಿಯಂನಲ್ಲಿ ಸಿಸ್ಟೀನ್ ಚಾಪೆಲ್ ಸಿಗುವುದು ಉದ್ದಾನುದ್ದ ಗ್ಯಾಲರಿಗಳನ್ನು ದಾಟಿದ ಮೇಲೆ. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಬಿಡಿಸಿದ ಆ ಚಾವಣಿಯ ಕೆಳಗೆ ನಿಲ್ಲುವ ಹೊತ್ತಿಗೆ ಅಪ್ಪನಿಗೆ ತಲೆ ಎತ್ತಿ ನೋಡುವ ಶಕ್ತಿಯೂ ಉಳಿದಿರಲಿಲ್ಲ. ಅಷ್ಟು ದೂರ ಬಂದು ಅವರು ನೆಲ ನೋಡುತ್ತ ಕೂತದ್ದು ಕಂಡು ನನಗೆ ಸಂಕಟವಾಯಿತು.

ಇನ್ನೊಮ್ಮೆ ಹೋದರೆ ನಾನು ಮಾಡುವುದು ಹೀಗೆ. ಬೆಳಿಗ್ಗೆ ಕೊಲೊಸಿಯಂ. ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಕಟ್ಟಡ, ಈಗ ಮೇಲೆ ಹೋಗಲು ಲಿಫ್ಟ್ ಇದೆ. ಅಲ್ಲಿಂದ ಗಾಡಿಯಲ್ಲಿ ಅವೆಂಟೀನ್ ಗುಡ್ಡ. ಅಲ್ಲೊಂದು ಹಸಿರು ಬಾಗಿಲಿದೆ, ‘ನೈಟ್ಸ್ ಆಫ್ ಮಾಲ್ಟಾ’ ಅನ್ನುವ ಹಳೇ ಕ್ರೈಸ್ತ ಸಂಘದವರ ಮಠದ್ದು. ಬಾಗಿಲು ತೆರೆಯುವುದಿಲ್ಲ, ಬೀಗದ ಕೈ ತೂತಿನೊಳಗೆ ಒಂದು ಕಣ್ಣಿಟ್ಟರೆ ತೋಟದ ಬೇಲಿಯ ಎರಡು ಸಾಲಿನ ನಡುವೆ ಸೇಂಟ್ ಪೀಟರ್ಸ್ ಗುಮ್ಮಟ ಅಳತೆ ಮಾಡಿಟ್ಟ ಹಾಗೆ ಕಾಣುತ್ತದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ನೋಡಿ, “ಕೃಷ್ಣ ಮಠದ ಕಿಂಡಿ ಇದ್ದ ಹಾಗಿದೆ” ಅಂದರು. ನಮ್ಮ ಇಡೀ ದಿನದಲ್ಲಿ ಅವರಿಗೆ ಅತಿ ಇಷ್ಟವಾದದ್ದು ಅದೇ. ಆಮೇಲೆ ಜನಿಕೊಲೊ ಗುಡ್ಡ. ಅಲ್ಲಿ ದಿನವೂ ಮಧ್ಯಾಹ್ನ 12ಕ್ಕೆ ಸರಿಯಾಗಿ ಫಿರಂಗಿ ಹಾರಿಸುತ್ತಾರೆ, 1904ರಲ್ಲಿ ಅಲ್ಲಿ ಶುರುವಾದ ಪದ್ಧತಿ ಅದು, ಇಡೀ ರೋಮ್ ಕಾಲ ಕೆಳಗೆ ಕಾಣುತ್ತದೆ, ಗಾಡಿ ಮೇಲಿನವರೆಗೂ ಹೋಗುತ್ತದೆ. ಊಟದ ನಂತರ ಪ್ಯಾಂಥಿಯಾನ್, ಪಕ್ಕದ ಟ್ರೆವಿ. ಅಷ್ಟೇ ಸಾಕು.

ವಾರದ ಯಾವ ದಿನ ಅನ್ನೋದು ಮುಖ್ಯವಾ?

ಬಹಳ ಮುಖ್ಯ. ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆಯುತ್ತದೆ, ಆದರೆ ಅವತ್ತಿನ ಸಾಲಿನಲ್ಲಿ ಹಡಗಿನವರು ನಿಲ್ಲಬಾರದು. ಬುಧವಾರ ಬೆಳಿಗ್ಗೆ ಪೋಪ್ ಸಾರ್ವಜನಿಕ ದರ್ಶನ ಕೊಡುವುದರಿಂದ ಸೇಂಟ್ ಪೀಟರ್ಸ್ ಚೌಕ ಜನರಿಂದ ತುಂಬಿರುತ್ತದೆ, ಚರ್ಚಿಗೆ ಮಧ್ಯಾಹ್ನದ ಮೇಲೆ ಹೋಗುವುದೇ ಮೇಲು.

ಟಿಕೆಟ್ ಅಲ್ಲೇ ಹೋಗಿ ತಗೊಂಡರಾಗದೇ?

ಕೊಲೊಸಿಯಂಗೆ ಆ ಯೋಚನೆ ಬೇಡ. ಟಿಕೆಟ್‌ಗೆ ಸಮಯ ನಿಗದಿಯಾಗಿರುತ್ತದೆ, 2023ರಿಂದ ಅದರ ಮೇಲೆ ಹೆಸರೂ ಇರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಅಧಿಕೃತ ಜಾಲತಾಣದಲ್ಲೇ ಮುಂಚಿತವಾಗಿ ತೆಗೆದಿಡಿ. ನಮ್ಮ ಕಡೆಯವರಿಗೆ ಇಲ್ಲಿ ಒಂದು ತೊಡಕಿದೆ, ಇನಿಷಿಯಲ್. ಮನೆಯಲ್ಲಿ ‘ಕೆ. ಸಾವಿತ್ರಿ’ ಅನ್ನುವವರ ಪಾಸ್‌ಪೋರ್ಟ್‌ನಲ್ಲಿ ಊರ ಹೆಸರೋ ಅಪ್ಪನ ಹೆಸರೋ ಪೂರ್ತಿ ಬಿಡಿಸಿ ಬರೆದಿರುತ್ತದೆ. ಪಾಸ್‌ಪೋರ್ಟ್ ಮುಂದಿಟ್ಟುಕೊಂಡು, ಅದರಲ್ಲಿ ಇರುವ ಹಾಗೆಯೇ ತುಂಬಿ.

ಪ್ಯಾಂಥಿಯಾನ್‌ಗೂ 2023ರ ಜುಲೈಯಿಂದ ಟಿಕೆಟ್ ಇದೆ. ಸೇಂಟ್ ಪೀಟರ್ಸ್ ಚರ್ಚಿಗೆ ದುಡ್ಡಿಲ್ಲ, ತಪಾಸಣೆಯ ಸಾಲು ಮಾತ್ರ.

ಇಳಿಯೋಕೆ ಪಾಸ್‌ಪೋರ್ಟ್, ವೀಸಾ?

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ, ಬೇಕೇ ಬೇಕು. ದಾರಿಯಲ್ಲಿ ಹಡಗು ಟರ್ಕಿ, ಟ್ಯುನೀಷಿಯಾ, ಮಾಂಟೆನೆಗ್ರೊ ಇಂಥ ಷೆಂಗೆನ್ ಹೊರಗಿನ ದೇಶಕ್ಕೆ ಹೋಗಿ ಮತ್ತೆ ಒಳಗೆ ಬರುವುದಿದ್ದರೆ ಮಲ್ಟಿಪಲ್ ಎಂಟ್ರಿ ಇರಲೇಬೇಕು, ಆ ದೇಶದ ವೀಸಾ ನಿಯಮ ಬೇರೆ. ಅರ್ಜಿ ಹಾಕುವಾಗ ಹಡಗಿನ ಪೂರ್ತಿ ಮಾರ್ಗಪಟ್ಟಿ ಲಗತ್ತಿಸಿ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಸಿಗೆ ರಜೆಗೆ ಹೋಗುವವರು ಮಾರ್ಚ್‌ವರೆಗೆ ಕಾಯುತ್ತ ಕೂರಬೇಡಿ.

ಕೆಲವು ಹಡಗುಗಳಲ್ಲಿ ಹತ್ತುವಾಗಲೇ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ. ಇಳಿಯುವ ಹಿಂದಿನ ದಿನ ರಿಸೆಪ್ಷನ್‌ನಲ್ಲಿ ವಿಚಾರಿಸಿ. ಕೊಡದಿದ್ದರೆ ಜೆರಾಕ್ಸ್ ಮತ್ತು ಫೋಟೋ ಇರುವ ಇನ್ನೊಂದು ಗುರುತಿನ ಚೀಟಿ ಜೊತೆಗಿರಲಿ. ಹಡಗಿನ ಕಾರ್ಡು ಕೊರಳಲ್ಲೇ ಇರಲಿ.

ವಯಸ್ಸಾದವರು ನಡೆಯೋಕಾಗುತ್ತಾ?

ರೋಮ್‌ನ ರಸ್ತೆಗೆ ಹಾಸಿರುವುದು ಕರಿಕಲ್ಲಿನ ಸಣ್ಣ ಚೌಕಗಳು. ನೋಡಲು ಚಂದ, ಮೊಣಕಾಲಿಗೆ ಶತ್ರು. ಹವಾಯಿ ಚಪ್ಪಲಿ ಬೇಡವೇ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ, ಸೀರೆಗೆ ಹೊಂದದಿದ್ದರೂ ಪರವಾಗಿಲ್ಲ. ಸ್ಪ್ಯಾನಿಷ್ ಸ್ಟೆಪ್ಸ್ ಮೇಲೆ ಕೂತು ಸುಧಾರಿಸಿಕೊಳ್ಳೋಣ ಅಂದುಕೊಳ್ಳಬೇಡಿ: 2019ರಿಂದ ಅಲ್ಲಿ ಕೂರುವಂತಿಲ್ಲ, ದಂಡ ಹಾಕುತ್ತಾರೆ.

ನೀರಿಗೆ ದುಡ್ಡು ಸುರಿಯಬೇಡಿ. ಬೀದಿಬೀದಿಯಲ್ಲಿ ಎಬ್ಬಿಸಿ ನಿಲ್ಲಿಸಿದ ಕಬ್ಬಿಣದ ಕಂಬದಂಥ ನಲ್ಲಿಗಳಿವೆ, ‘ನಾಸೋನೆ’ ಅಂತ ಹೆಸರು. ಹಗಲೂ ರಾತ್ರಿ ಹರಿಯುವ ತಣ್ಣನೆಯ ಕುಡಿಯುವ ನೀರು. ಬಾಗಿದ ಕೊಳವೆಯ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಮಾನಿನಂತೆ ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಮಕ್ಕಳು ಪ್ರತಿ ನಲ್ಲಿಯ ಹತ್ತಿರವೂ ನಿಂತರು.

ಶೌಚಾಲಯಕ್ಕೆ ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಒಮ್ಮೆ ನಿಲ್ಲಿಸಲು ಚಾಲಕನಿಗೆ ಮೊದಲೇ ಹೇಳಿ. ಊರೊಳಗೆ, ಕಾಫಿ ಅಂಗಡಿಯ ಕೌಂಟರಿನಲ್ಲಿ ನಿಂತು ಒಂದು ಕಾಫಿ ಕುಡಿದರೆ ಒಳಗಿನದನ್ನು ಬಳಸಲು ಬಿಡುತ್ತಾರೆ.

ಸಸ್ಯಾಹಾರಿಗಳಿಗೆ ಊಟ?

ಇಟಲಿಯಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಮಾರ್ಗೆರೀಟಾ ಪಿಜ್ಜಾ ಎಲ್ಲೆಡೆ ಸಿಗುತ್ತದೆ, ಟೊಮೆಟೊ ಸಾರದ ಪಾಸ್ತಾ ‘ಪೊಮೊದೊರೊ’ ಕೇಳಿ. ಚೀಸ್ ಬೇಡದವರಿಗೆ ‘ಮರಿನಾರಾ’ ಪಿಜ್ಜಾ, ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಎರಡೂ ತಿನ್ನದವರು ‘ಪಿಜ್ಜಾ ಬಿಯಾಂಕಾ’ ಕೇಳಬಹುದು, ಆಲಿವ್ ಎಣ್ಣೆ, ಉಪ್ಪು ಹಾಕಿ ಸುಟ್ಟ ದಪ್ಪ ರೊಟ್ಟಿಯದು. ‘ಸುಪ್ಲಿ’ ಅನ್ನುವ ಅನ್ನದ ಬೋಂಡ ನೋಡಿ ಆಸೆಪಡಬೇಡಿ, ಬಹುಪಾಲು ಅದರೊಳಗೆ ಮಾಂಸದ ಸಾರು ಇರುತ್ತದೆ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಪಾರ್ಮೆಸಾನ್, ಪೆಕೊರಿನೊ ಚೀಸ್‌ಗಳಲ್ಲಿ ಹಾಲು ಒಡೆಸಲು ಬಳಸುವುದು ಕರುವಿನ, ಕುರಿಮರಿಯ ಹೊಟ್ಟೆಯಿಂದ ತೆಗೆದ ವಸ್ತು. ‘ಸೆಂಜಾ ಫೊರ್ಮಾಜ್ಜೊ’ ಅಂದರೆ ಚೀಸ್ ಇಲ್ಲದೆ ಕೊಡುತ್ತಾರೆ.

ಮನೆಯಿಂದ ಚಕ್ಕುಲಿ, ಕೋಡುಬಳೆ ಒಯ್ಯಬಹುದು. ಹಾಲಿನ ಪದಾರ್ಥ, ಮಾಂಸ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ, ಆದ್ದರಿಂದ ಧಾರವಾಡ ಪೇಡ ಮನೆಯಲ್ಲೇ ಇರಲಿ.

ಬಟ್ಟೆ?

ಚರ್ಚುಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆ, ಚೂಡಿದಾರಕ್ಕೆ ತೊಂದರೆಯಿಲ್ಲ. ಚಡ್ಡಿ ಹಾಕಿದ ಗಂಡಸರನ್ನು ವಾಪಸ್ ಕಳಿಸುತ್ತಾರೆ.

ಟಿಪ್ಸ್ ಕೊಡಲೇಬೇಕಾ?

ಕಡ್ಡಾಯವಿಲ್ಲ. ಚೆನ್ನಾಗಿ ನೋಡಿಕೊಂಡರೆ ಕೊಡಿ. ಅಪ್ಪನ ಕೈ ಹಿಡಿದು ರಸ್ತೆ ದಾಟಿಸಿದ ನಮ್ಮ ಚಾಲಕನಿಗೆ ನಾವು ಖುಷಿಯಿಂದ ಕೊಟ್ಟೆವು.

ರೋಮ್ ಮೊದಲೇ ನೋಡಿದ್ದೇವೆ. ಮತ್ತೇನಿದೆ?

ತಾರ್ಕ್ವಿನಿಯಾಗೆ ಹೋಗಿ. ಬಂದರಿನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್, ತಡವಾಗುವ ಭಯ ಬಹಳ ಕಡಿಮೆ. ರೋಮನ್ನರಿಗೂ ಮುಂಚಿನ ಎಟ್ರುಸ್ಕನ್ ಜನ ತಮ್ಮವರನ್ನು ಹೂಳಲು ಕೊರೆದ ನೆಲದಡಿಯ ಕೋಣೆಗಳು ಅಲ್ಲಿವೆ. ಆರು ಸಾವಿರ ಸಮಾಧಿಗಳಲ್ಲಿ ಇನ್ನೂರಕ್ಕೆ ಬಣ್ಣದ ಚಿತ್ರಗಳಿವೆ, 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮೆಟ್ಟಿಲಿಳಿದು ಗಾಜಿನ ಬಾಗಿಲಿನಾಚೆ ದೀಪ ಹಾಕಿ ನೋಡಬೇಕು: ಕುಣಿಯುವವರು, ಕೊಳಲೂದುವವರು, ಊಟಕ್ಕೆ ಒರಗಿ ಕೂತ ಗಂಡ-ಹೆಂಡತಿ. ಸಾವಿನ ಮನೆಯಲ್ಲಿ ಇಷ್ಟು ಸಂತೋಷದ ಚಿತ್ರಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೆಟ್ಟಿಲು ಕಡಿದು, ಆದ್ದರಿಂದ ಮಂಡಿನೋವಿನವರು ಒಂದೆರಡನ್ನು ನೋಡಿ ಮೇಲೆ ಕೂರಲಿ.

ವಿದೇಶದಲ್ಲಿರುವ ನಮ್ಮ ಅಕ್ಕ ಹಡಗಿನಲ್ಲಿ ಮಂಗಳೂರಿಗೇ ಬರುತ್ತಿದ್ದಾಳೆ. ಅಲ್ಲೂ ಇದೇ ಲೆಕ್ಕವಾ?

ಲೆಕ್ಕ ಇದೇ, ದೂರ ಕಡಿಮೆ. ಪಣಂಬೂರಿನಿಂದ ಕದ್ರಿ, ಕುದ್ರೋಳಿ ಊರೊಳಗೇ ಆಗುತ್ತವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಇನ್ನೂ ಮುಂದೆ ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ, ಇವೆರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಬಹುದು. ಭಾವ ಹೊರಗಿನವರನ್ನು ತಪ್ಪದೆ ಕರೆದೊಯ್ಯುವುದು ಸೇಂಟ್ ಅಲೋಶಿಯಸ್ ಚಾಪೆಲ್‌ಗೆ. ಗೋಡೆ, ಚಾವಣಿ ತುಂಬ ಇರುವ ಆ ಚಿತ್ರಗಳನ್ನು 1899ರಿಂದ ಎರಡು ವರ್ಷ ಬಿಡಿಸಿದವರು ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ. ರೋಮ್‌ನಿಂದ ಬಂದ ಮೇಲೆ ಅಪ್ಪ ಅಲ್ಲಿಗೆ ಹೋಗಬೇಕು ಅಂದರು. ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಬೆಂಚಿಗೆ ಒರಗಿ ಕೂತು, ಸಿಸ್ಟೀನ್‌ನಲ್ಲಿ ಆಗದೇ ಹೋದ ಹಾಗೆ, ತಲೆ ಎತ್ತಿ ಚಾವಣಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದರು.